ಬಾಣಂತಿ ಮನಿ ಹೊಗಿ

ಕೆಂಡದ ಮ್ಯಾಲೆ ಬಳ್ಳೊಳ್ಳಿ ಸಿಪ್ಪಿ, ಅಜವಾನ ಬಿದ್ದು ಆ ಘಾಟು ಮೂಗಿಗೆ ಬಡೀತಂದ್ರ ಸಾಕು, ಮಿರಜದ ನಮ್ಮ ವಾಡೆ ಕಣ್ಣ ಮುಂದ ಬಂದು ನಿಂದರತೈತಿ. ನಡುವ ಅಂಗಳ, ಸುತ್ತಲೂ ಬಾಡಿಗಿಯವರ ಮನಿಗಳು. ಬಾಣಂತಿ ಇದ್ದ ಮನಿ ಮುಂದ ಮುಂಜಾನೆ ಅಗ್ಗಿಷ್ಟಿಗಿ ಹೊಗಿ ಏಳಬೇಕು. ಅದನ್ನ ನೋಡಿ ಒಬ್ಬಾಕಿ ಕೂಸಿಗೆ ಎರಿಯಾಕ ಬರಾಕಿ, ಇನ್ನೊಬ್ಬಾಕಿ ಅಳವಿ ಬೀಜದ ಖೀರು ತರಾಕಿ. ನಿಮ್ಮ ಕಡೇನೂ ಹೀಂಗ ಇತ್ತಲ್ಲಾ? ನನ್ನ ಕಾಕು, ಅಂದ್ರ ನಮ್ಮ ಕಾಕಾನ ಹೆಂಡತಿ, ಮೊದಲನೇ ಕೂಸು ಹಡದಾಗ ಒಂದಿನ ಹೊಗಿ ಏಳಲಿಲ್ಲ. ಎದುರು ಮನಿ ಗಂಗಾ ಮಾವಶಿ ಹಿಟ್ಟಿನ ಕೈಯಾಗ ಓಡಿ ಬಂದಳು. "ಯಾಕ ತಂಗಿ, ಇವತ್ತ ಹೊಗಿ ಯಾಕಿಲ್ಲ?" ಕಾಕು ಚಳಿಜ್ವರದಾಗ ನಡಗಾಕತ್ತಿದ್ದಳು. ಮಾವಶಿ ಯಾರನ್ನೂ ಕೇಳಲಿಲ್ಲ, ಟಾಂಗಾ ಕರೆಸಿ ದವಾಖಾನಿಗೆ ಒಯ್ದಳು. ಕಾಕು ಉಳಿದಳು.

ಮುಂದ ಊರು ಬೆಳಿಯಾಕ ಹತ್ತಿತು, ನಮ್ಮ ಅಪ್ಪಗ ಬಿಲ್ಡರನ ಮಾತು ಬೆಲ್ಲ ಆತು. ವಾಡೆ ಬಿತ್ತು. ಮಾವಶಿ ಸಾಂಗ್ಲಿವಾಡಿಗೆ ಹೋದಳು, ನಾವು ಸಾಂಗ್ಲಿಯ ವಿಶ್ರಾಮಬಾಗದ ಫ್ಲ್ಯಾಟಿಗೆ. ಆ ಫ್ಲ್ಯಾಟಿನವರ ಸೊಸೈಟಿಗೆ ಅಪ್ಪನೇ ಚೇರಮನ್. ಏನ್ ಡೌಲು, ಏನ್ ಡೌಲು! ಗ್ಯಾಲರ್ಯಾಗ, ಅಂದ್ರ ಬಾಲ್ಕನ್ಯಾಗ, ಹೊಗಿ ಹಾಕಬಾರದು, ಮಧ್ಯಾಹ್ನ ಹೊರಗಿನವರನ್ನ ಒಳಗ ಬಿಡಬಾರದು ಅಂತ ನೇಮ ಮಾಡಿದ. ಆ ನೇಮಕ್ಕ ಬೆಂಕಿ ಬೀಳಲಿ!

ಕಾಕುನ ಎರಡನೇ ಬಾಣಂತನ ಅಲ್ಲೇ ಆತು. ಒಂದಿನ ಅವ್ವ ಲಗ್ನಕ್ಕ ಹೋಗಿದ್ದಳು, ಗಂಡಸರು ಅಂಗಡ್ಯಾಗ, ನಾನೂ ಕಾಕುನ ಮೊದಲನೇ ಕೂಸೂ ಸಾಲ್ಯಾಗ. ಕಾಕು ಹಿಂದಿನ ದಿನದಿಂದ ಜ್ವರ ಇದ್ದರೂ ಬಾಯಿ ಬಿಟ್ಟಿರಲಿಲ್ಲ. ಅವತ್ತ ಮಧ್ಯಾಹ್ನನ ಗಂಗಾ ಮಾವಶಿ ಅಂಟಿನುಂಡಿ ಡಬ್ಬಿ ಹಿಡಕೊಂಡು ಬಂದಿದ್ದಳು. ವಾಚಮನ್ ಗೇಟಿನಾಗ ತಡೆದ. "ಬಾಣಂತಿ ಮಾರಿ ನೋಡಿ ಹೋಗ್ತೇನಪಾ" ಅಂತ ಅಂಗಲಾಚಿದಳಂತ. "ಚೇರಮನ್ ಸಾಹೇಬರು ಬೈತಾರರಿ" ಅಂದನಂತ. ಡಬ್ಬಿ ಅವನ ಕೈಯಾಗ ಕೊಟ್ಟು ತಿರುಗಿ ಹೋದಳು. ಸಂಜಿಕೆ ಬಾಗಲಾ ತೆಗೆದಾಗ ಕೂಸಿನ ದನಿ ಅತ್ತು ಅತ್ತು ಬಿದ್ದಿತ್ತು, ಕಾಕುಗ ಎಚ್ಚರ ಇರಲಿಲ್ಲ. ದವಾಖಾನಿಂದ ಆಕಿ ತಿರುಗಿ ಬರಲಿಲ್ಲ. "ನಮಗ ಗೊತ್ತ ಆಗಲಿಲ್ಲರಿ" ಅಂದರು ಬಾಜೂದವರು. ಹೆಂಗ ಗೊತ್ತಾಗಬೇಕು? ಗೊತ್ತಾಗೋ ದಾರೀನ ಮುಚ್ಚಿ ಕುಂತಿದ್ದಿವಲ್ಲ!

ಆ ಕೂಸು ಬೆಳೆದು ಈಗ ತಾನೂ ಬಾಣಂತಿ, ನನ್ನ ಮನ್ಯಾಗ ಅದಾಳ. ಇವತ್ತ ಮುಂಜಾನೆ ಗ್ಯಾಲರ್ಯಾಗ ಕೆಂಡದ ಮ್ಯಾಲೆ ಸಿಪ್ಪಿ ಹಾಕಿದೆ. ಬೆಲ್ ಆತು. ಮ್ಯಾಲಿನ ಫ್ಲ್ಯಾಟಿನಾಕಿ ಮೂಗಿಗೆ ಓಢಣಿ ಹಿಡಕೊಂಡು ಮರಾಠ್ಯಾಗ ಜಗಳಕ್ಕ ನಿಂತಳು: ಏನ್ ಹೊಗಿ ಇದು, ಯಾರೂ ಕೇಳವರಿಲ್ಲೇನು?

"ನೀವು ಕೇಳಾಕ ಬರಲಿ ಅಂತನ ಹಾಕೇನಿ," ಅಂದೆ. "ಬರ್ರಿ ಒಳಗ. ಬಾಣಂತಿ ಅದಾಳ, ನೋಡಿ ಹೋಗ್ರಿ."

ಆಕಿ ಮೂಗಿನ ಮ್ಯಾಲಿನ ಓಢಣಿ ಇಳಿಸಿದಳು. ಆಮ್ಯಾಲೆ ಚಪ್ಪಲಿ ಬಿಟ್ಟು ಒಳಗ ಬಂದಳು. ಅವತ್ತ ನಮ್ಮ ಕಾಕುಗ ಬೇಕಾಗಿದ್ದು ಇಷ್ಟೇ.