ಕಪಾಟಿನಲ್ಲಿಟ್ಟ ಲಿಂಗ

ಕಾದಂಬರಿ ಮತ್ತೆ ವಾಪಸು ಬಂದ ದಿನ ನನಗೆ ದೇವರ ಮೇಲೆ ಸಿಟ್ಟು ಬಂತು. ಭಾಷೆ ಚೆನ್ನಾಗಿದೆ, ಆದರೆ ಮಾರಾಟವಾಗುವುದು ಕಷ್ಟ ಎಂದು ಪ್ರಕಾಶಕರು ಫೋನಿನಲ್ಲಿ ಹೇಳಿದ್ದರು. ವರ್ಷಗಟ್ಟಲೆ ಬೆಳಗಿನ ಲಿಂಗಪೂಜೆ ಮುಗಿಸಿಯೇ ಬರೆಯಲು ಕೂತವನು ನಾನು. ಅದಕ್ಕೆ ಇದೇನಾ ಫಲ ಎಂದು ಕೊರಳಲ್ಲಿದ್ದ ಇಷ್ಟಲಿಂಗವನ್ನು ತೆಗೆದು, ಹಸ್ತಪ್ರತಿಯ ಮೇಲಿಟ್ಟು ಕಪಾಟಿನ ಬಾಗಿಲು ಹಾಕಿದೆ. ಪುಸ್ತಕ ಅಚ್ಚಾಗಲಿ, ಆಮೇಲೆ ನೋಡೋಣ ಎಂದೆ. ಬರೆಯುವುದನ್ನೂ ಬಿಟ್ಟೆ. ನಲವತ್ತು ದಾಟಿದ ಗಂಡಸು ಹೀಗೆ ಮುನಿಸಿಕೊಂಡರೆ ಚೆಂದ ಕಾಣುವುದಿಲ್ಲ. ಆದರೆ ಅಂಗಿಯ ಒಳಗಿನದು ಯಾರಿಗೂ ಕಾಣುತ್ತಿರಲಿಲ್ಲವಲ್ಲ, ಆರಾಮಾಗಿ ಓಡಾಡಿಕೊಂಡಿದ್ದೆ.

ಆಮೇಲೆ ಅವ್ವನಿಗೆ ಹೊಟ್ಟೆನೋವು ಜೋರಾಯಿತು. ನಾನೂ ನನ್ನ ಹೆಂಡತಿಯೂ ಅವಳನ್ನು ಕುಕನೂರಿನಿಂದ ಕೊಪ್ಪಳದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನಿಂಗ್ ಮಾಡಬೇಕು, ಬೆಳಗಿನಿಂದ ಏನೂ ತಿನ್ನಬಾರದು ಎಂದಿದ್ದರು. ಒಳಗೆ ಕರೆಯುವ ಮುಂಚೆ ನರ್ಸ್ ಬಂದು, "ಅಮ್ಮಾ, ಕೊಳ್ಳಾಗಿಂದು ಎಲ್ಲಾ ತಗೀರಿ" ಎಂದಳು. ಅವ್ವ ತನ್ನ ಬೆಳ್ಳಿಯ ಕರಡಿಗೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಅದರೊಳಗೆ ಅವಳ ಲಿಂಗವಿತ್ತು. ಮದುವೆಗೂ ಮುಂಚಿನಿಂದ ಅದು ಅವಳ ಮೈ ಬಿಟ್ಟಿರಲಿಲ್ಲ.

"ಇದನ್ನ ಎಲ್ಲೆರ ಇಡಬಾರದಪಾ. ನಾ ಹೊರಗ ಬರೂತನಕ ನಿನ್ನ ಲಿಂಗದ ಜೋಡಿ ಎದಿ ಮ್ಯಾಲ ಇರ್ಲಿ" ಎಂದು ತಾನೇ ನನ್ನ ಕೊರಳಿಗೆ ಹಾಕಿದಳು. ನನ್ನದನ್ನು ಪಕ್ಕಕ್ಕೆ ಸರಿಸಲೆಂದು ಅಂಗಿಯ ಮೇಲೆ ಕೈಯಾಡಿಸಿದಳು. ಸರಿಸಲು ಅಲ್ಲೇನೂ ಇರಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ನರ್ಸ್ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಹೊರಗೆ ಬಂದ ಮೇಲೆ ಅವ್ವ ತನ್ನ ಲಿಂಗವನ್ನು ಹಾಕಿಕೊಂಡಳು. ಹೆಂಡತಿ ಚಹಾ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ನಿಂದೆಲ್ಲೈತಿ?"

"ಮನ್ಯಾಗ."

"ಯಾಕ ತಗದಿ?"

ಹೇಳಿದೆ. ರೋಗಿಗಳು ತುಂಬಿದ್ದ ಆ ಜಾಗದಲ್ಲಿ ನನ್ನ ಕಾದಂಬರಿಯ ಕಷ್ಟ ನನಗೇ ಹೇಸಿಗೆಯಾಗಿ ಕೇಳಿಸಿತು.

"ಹೋಗಿ ಕಟ್ಗೊಂಡು ಬಾ. ಅಲ್ಲೀತನಕ ನಾ ನೀರೂ ಮುಟ್ಟೂದಿಲ್ಲ."

"ಡಾಕ್ಟ್ರು ಬೈತಾರಬೇ."

"ಬೈಲಿ."

ಹೆಂಡತಿಯನ್ನು ಅವಳ ಜೊತೆ ಬಿಟ್ಟು ಬಸ್ ಹತ್ತಿದೆ. ತಳಕಲ್ ಹತ್ತಿರ ಪರಿಚಯದ ಕಂಡಕ್ಟರ್, "ಸರ್, ಹೊಸಾದೇನರ ಬರದ್ರೇನ್ರಿ?" ಎಂದ. ಇಲ್ಲ ಎಂದೆ. ಅವ್ವನ ಒಣಗಿದ ತುಟಿಯೇ ಕಣ್ಣ ಮುಂದಿತ್ತು. ಅವಳ ರಿಪೋರ್ಟು ಒಳ್ಳೆಯದು ಬರಲಿ ಎಂದು ಬೇಡಿಕೊಳ್ಳಲು ಹೋದರೆ ನಾಚಿಕೆಯಾಗುತ್ತಿತ್ತು. ಪುಸ್ತಕಕ್ಕಾಗಿ ನಾನೇ ಕಪಾಟಿಗೆ ಹಾಕಿದ ದೇವರನ್ನು ಈಗ ಯಾವ ಮುಖವಿಟ್ಟುಕೊಂಡು ಬೇಡಲಿ? ಮನೆಗೆ ಹೋಗಿ ಸ್ನಾನ ಮಾಡಿ, ಪೂಜೆ ಮಾಡಿ ಲಿಂಗ ಕಟ್ಟಿಕೊಂಡೆ. ಏನನ್ನೂ ಬೇಡಲಿಲ್ಲ.

ವಾಪಸು ಹೋದಾಗ ಮಧ್ಯಾಹ್ನ ಕಳೆದಿತ್ತು. ಅವ್ವನನ್ನು ವಾರ್ಡಿನ ಮಂಚದ ಮೇಲೆ ಮಲಗಿಸಿದ್ದರು. ಅವ್ವ ನನ್ನ ಎದೆ ಮುಟ್ಟಿ ನೋಡಿ, ಆಮೇಲೆ ನೀರು ಕುಡಿದಳು.

"ಅಂವಾ ಏನ್ ನಿನ್ನ ಪ್ರೆಸ್ಸಿನ್ಯಾಗ ಕೆಲಸಕ್ಕದಾನೇನು, ಪುಸ್ತಕ ಅಚ್ಚು ಮಾಡ್ಲಿಲ್ಲಂತ ಬಿಡಾಕ?"

ಹೆಂಡತಿ ಮುಖ ತಿರುಗಿಸಿ ನಕ್ಕಳು. ನನಗೆ ತಲೆ ಎತ್ತಲಾಗಲಿಲ್ಲ.

"ನಾಳಿಂದ ಬರಿಯಾಕ ಕುಂದರು" ಎಂದು ಅವ್ವ ಚಾದರ ಎಳೆದುಕೊಂಡು ಮಗ್ಗುಲಾದಳು. ರಿಪೋರ್ಟು ಇನ್ನೂ ಬಂದಿರಲಿಲ್ಲ. ಅದರಲ್ಲಿ ಏನು ಬಂದೀತು ಎಂದು ಅವಳು ಒಮ್ಮೆಯೂ ಕೇಳಲಿಲ್ಲ.