ಭಾರ ಹೊರಿಸುವ ಮೇಷ್ಟರು

ಸೈನಿಕರಿಗೆ ಭಾರ ಎತ್ತುವುದನ್ನು ಕಲಿಸುವ ಮೇಷ್ಟರಿಗೆ ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ನೋಡಿದವರು ಹೇಳಲಾರರು. ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನವರ ಬಾಗಿದ ಬೆನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತುವುದಕ್ಕೂ ಮೊಣಕಾಲು ಮಡಿಸಿ, ಉಸಿರು ಬಿಗಿಹಿಡಿದು, ದೃಷ್ಟಿ ನೇರ ನೆಟ್ಟೇ ಏಳಬೇಕು. “ಅದಕ್ಕೊಂದು ಸಲ್ಯೂಟ್ ಹೊಡೆದು ಒಳಗೆ ತನ್ನಿ, ಒಲೆ ಆರಿ ಯಾವ ಕಾಲ ಆಯ್ತು,” ಎನ್ನುತ್ತಾರೆ ಹೆಂಡತಿ. ಸೈನ್ಯ ಸೇರಲು ಬಂದು, ಓಟದಲ್ಲಿ ಮೊದಲು ಬಂದೆನೆಂದು ಬೀಗುವ ಹುಡುಗನಿಗೆ ಮೇಷ್ಟರು, “ಮೊಲಾನೂ ಓಡುತ್ತಪ್ಪಾ, ಅದಕ್ಕೆ ಯಾರಾದ್ರೂ ಬಂದೂಕು ಕೊಡ್ತಾರಾ? ಬಾ, ಕಬ್ಬಿಣ ಹಿಡಿ,” ಎನ್ನುತ್ತಾರೆ. ವಾರ ವಾರ ಇಷ್ಟಿಷ್ಟೇ ಭಾರ ಏರಿಸಿ, ಕಡ್ಡಿಯಂತೆ ಬಂದವರನ್ನು ಕಂಬವಾಗಿಸಿ ಕಳಿಸುತ್ತಾರೆ. ಕೊನೆಯ ಪರೀಕ್ಷೆಗೆ ಮಾತ್ರ ಕಬ್ಬಿಣವಿಲ್ಲ. ಮೇಷ್ಟರೇ ಮೈದಾನದಲ್ಲಿ ಮೈ ಸಡಿಲ ಬಿಟ್ಟು ಮಲಗುತ್ತಾರೆ. ಅವರನ್ನು ಹೆಗಲ ಮೇಲೆ ಹೊತ್ತು ಆಚೆಯ ಗೋಡೆ ಮುಟ್ಟಿದವನು ಪಡೆಗೆ, ಮುಟ್ಟದವನು ಮನೆಗೆ. ಅರ್ಧ ದಾರಿಗೆ ಅವರ ನರಳಾಟ ಶುರು: “ಸಾಕು ಕಣೋ, ಇಳಿಸು, ನೀನು ಹೋಗು.” ಮೊನ್ನೆ ಎಲ್ಲರಿಗಿಂತ ಗಟ್ಟಿಯಾದವನೇ, ಗುರುವಿನ ಮಾತು ಮೀರಬಾರದೆಂದು ಮೆಲ್ಲಗೆ ಇಳಿಸಿಬಿಟ್ಟ. ಇಳಿಸಿದವನು ಸೋತಂತೆಯೇ ಲೆಕ್ಕ. “ನೀವೇ ಹೇಳಿದ್ರಲ್ಲ ಸಾರ್!” ಎಂದ ಅಳುಮೋರೆಯಲ್ಲಿ. ಮೇಷ್ಟರು ಎದ್ದು ಕೂತು ತೋಳಿನ ಧೂಳು ಕೊಡವಿಕೊಂಡರು. “ಗುಂಡು ಬಿದ್ದೋರೆಲ್ಲ ಹಾಗೇ ಹೇಳೋದು ಕಣಪ್ಪಾ. ನಾನೂ ಹೇಳಿದ್ದೆ. ನನ್ನನ್ನ ಹೊತ್ತಿದ್ದೋನು ಕೇಳಲಿಲ್ಲ.” ಹಾಗೆಂದು ಮತ್ತೆ ಅಲ್ಲೇ ಮಲಗಿ ಕಣ್ಣು ಮುಚ್ಚಿದರು. “ಎತ್ತು.”