ನಾನು ಹುಟ್ಟಿದ ವರ್ಷದ ಚಿತ್ರ

ನನಗೆ ಎರಡು ವಯಸ್ಸು. ಒಂದು ಅವ್ವ ಹೇಳುವುದು, ಇನ್ನೊಂದು ಸೋದರಮಾವ ಬರೆಸಿದ್ದು. ಎರಡರ ನಡುವೆ ಮೂರು ವರ್ಷದ ಅಂತರ. ನನಗೆ ಹತ್ತು ತುಂಬಿದಾಗ, ಜ್ವರ ಬಂದು ಊರೂರೇ ಖಾಲಿಯಾದ ವರ್ಷ, ಅಪ್ಪ ಹೋಗಿಬಿಟ್ಟ. ಕಮಲಾಪುರದ ಮನೆಯಲ್ಲಿ ಅವ್ವ, ತಂಗಿ, ನಾನು ಮೂವರೇ ಉಳಿದೆವು. ಹದಿನೈದನೆಯ ವಯಸ್ಸಿಗೆ ನಾನು ಮಿಡ್ಲ್ ಪರೀಕ್ಷೆ ಪಾಸಾದಾಗ ಕಲಬುರ್ಗಿಯ ಒಂದು ಶಾಲೆಯಲ್ಲಿ ಮಾಸ್ತರಿಕೆ ಖಾಲಿ ಇತ್ತು, ಆದರೆ ಹದಿನೆಂಟು ತುಂಬಿದವರೇ ಬೇಕು ಅಂದರು. ಕಚೇರಿಯಲ್ಲಿ ಕಾರಕೂನನಾಗಿದ್ದ ಮಾವ ನನ್ನ ಅರ್ಜಿಗೆ ಮೂರು ವರ್ಷ ಸೇರಿಸಿ, ಕೆಳಗೆ ಸಾಕ್ಷಿ ಅಂತ ತಾನೇ ಸಹಿ ಹಾಕಿದ. ‘ನಿಮ್ಮವ್ವಗ ಹೇಳಬ್ಯಾಡ, ಸುಮ್ನ ಹೆದರ್ತಾಳ’ ಅಂದ. ನಾನು ಹೇಳಲಿಲ್ಲ. ನನ್ನ ಮೀಸೆ ಮಾತ್ರ ಆ ಮೂರು ವರ್ಷವನ್ನು ಒಪ್ಪಿಕೊಳ್ಳದೆ ಬಹಳ ದಿನ ಸತಾಯಿಸಿತು.

ಮೊದಲೇ ನಾನು ಪುಕ್ಕಲ ಜಾತಿಯವನು. ಸದರ್ ಸಾಹೇಬರು, ಅಂದರೆ ನಮ್ಮ ಮುಖ್ಯೋಪಾಧ್ಯಾಯರು, ಕಪಾಟಿನಿಂದ ನೌಕರರ ದಫ್ತರ ತೆಗೆದರೆ ಸಾಕು, ನಾನು ಏನಾದರೊಂದು ನೆಪ ಹೇಳಿ ಹೊರಗೆ ಬೀಳುತ್ತಿದ್ದೆ. ಅವರ ಕೋಣೆಯ ಗೋಡೆಗೆ ಒಂದು ತಖ್ತೆ ತೂಗುಹಾಕಿದ್ದರು. ಅದರಲ್ಲಿ ಎಲ್ಲ ಮಾಸ್ತರರ ಓದು, ಹುಟ್ಟಿದ ವರ್ಷ, ನೌಕರಿಗೆ ಸೇರಿದ ವರ್ಷ ಸುಂದರವಾದ ಉರ್ದು ಅಕ್ಷರದಲ್ಲಿ ಬರೆದಿತ್ತು. ಆ ಕೋಣೆಗೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದೆ. ಹೀಗೇ ಆರು ವರ್ಷ ಕಳೆದವು. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಧೈರ್ಯ ಬಂತು. ಧೈರ್ಯ ಬಂದದ್ದೇ ತಪ್ಪಾಯಿತು.

ಶಾಲೆ ಇದ್ದದ್ದು ಶಹಾಬಜಾರದ ಒಂದು ಹಳೆಯ ವಾಡೆಯಲ್ಲಿ. ನಾನು ಕಲಿಸುತ್ತಿದ್ದದ್ದು ಇತಿಹಾಸ, ಅದೂ ಉರ್ದುವಿನಲ್ಲಿ; ಅದಕ್ಕೆ ಅಲ್ಲಿ ತಾರೀಖ್ ಅನ್ನುತ್ತಿದ್ದರು. ಮನೆಯಲ್ಲಿ ಕನ್ನಡ ಆಡುವ ಹುಡುಗರು, ಮರಾಠಿ ಆಡುವ ಹುಡುಗರು, ದಖ್ಖನಿ ಆಡುವ ಹುಡುಗರು ಎಲ್ಲರೂ ಕೂಡಿ ಸುಲ್ತಾನರ ಹೆಸರುಗಳನ್ನು ಮಗ್ಗಿಯ ಹಾಗೆ ಒದರುತ್ತಿದ್ದರು. ಒಂದು ದಿನ ನಾನು, ‘ಕೋಟೆ ಮೊದಲೋ, ರೈಲು ಮೊದಲೋ?’ ಅಂತ ಕೇಳಿದೆ. ಇಡೀ ತರಗತಿ ಮಿಕಿಮಿಕಿ ನೋಡಿತು. ಒಬ್ಬ ಧೈರ್ಯ ಮಾಡಿ, ‘ಸುಲ್ತಾನರು ರೈಲಿನಾಗ ಬಂದು ಕೋಟೆ ಕಟ್ಟಿದ್ರೇನ್ರಿ?’ ಅಂದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರುದಿನ ನಾನು ಸೀಮೆಸುಣ್ಣ ಹಿಡಿದು ನೆಲಕ್ಕೆ ಕುಳಿತೆ. ನಮ್ಮ ಕೋಣೆಗೆ ಶಹಾಬಾದಿ ಫರಸಿಕಲ್ಲು ಹಾಸಿತ್ತು. ಒಂದು ಫರಸಿಗೆ ಹತ್ತು ವರ್ಷ ಅಂತ ಲೆಕ್ಕ ಹಿಡಿದೆ. ಕೋಟೆ ಕಟ್ಟಿದ ಕಾಲ ಬಾಗಿಲ ಹತ್ತಿರ, ಈ ಹೊತ್ತಿನ ದಿನ ನನ್ನ ಮೇಜಿನ ಕಾಲ ಬುಡದಲ್ಲಿ. ಫರಸಿ ಸಾಲದೆ ಸಾಲು ನಾಲ್ಕು ಸಲ ಹೊರಳಿ ಬಂತು. ಹುಡುಗರು ಒಬ್ಬೊಬ್ಬರಾಗಿ ಅದರ ಮೇಲೆ ನಡೆದರು. ಕೋಟೆಯಿಂದ ರೈಲಿಗೆ ಹೋಗಲು ಎಷ್ಟು ಹೆಜ್ಜೆ ಬೇಕು ಅಂತ ಕಾಲಿಗೆ ಗೊತ್ತಾದ ಮೇಲೆ ಆ ಪ್ರಶ್ನೆ ಯಾರಿಗೂ ತಪ್ಪಲಿಲ್ಲ.

ಆಮೇಲೆ ಅದನ್ನೇ ಕಾಗದಕ್ಕೆ ಇಳಿಸಿದೆವು. ಜೋಳದ ಹಿಟ್ಟಿನ ಗಂಜಿ ಕಾಸಿ ಹಾಳೆಗೆ ಹಾಳೆ ಅಂಟಿಸಿ ಗೋಡೆಯ ಉದ್ದಕ್ಕೂ ಒಂದು ಪಟ ಮಾಡಿದೆವು. ಉರ್ದು ಬರಹವಾದ್ದರಿಂದ ವರ್ಷಗಳು ಬಲದಿಂದ ಎಡಕ್ಕೆ ನಡೆದವು. ಬಣ್ಣಕ್ಕೆ ಅರಿಷಿಣ, ಕುಂಕುಮ, ದೀಪದ ಕಾಡಿಗೆ, ಬಟ್ಟೆಗೆ ಹಾಕುವ ನೀಲಿ. ಕೋಟೆ ಬಂತು, ಉದ್ದನೆಯ ತೋಪು ಬಂತು, ಗುಮ್ಮಟಗಳು ಬಂದವು. ಆದರೆ ಈಚಿನ ಅರವತ್ತು ವರ್ಷಕ್ಕೆ ಬರುವಷ್ಟರಲ್ಲಿ ಪುಸ್ತಕದಲ್ಲಿ ಏನೂ ಇರಲಿಲ್ಲ, ಪಟ ಬರಿದಾಯಿತು. ಆಗ ನಾನು ಹುಡುಗರಿಗೆ, ‘ಮನ್ಯಾಗ ಹಿರಿಯರು ಇರ್ತಾರಲ್ಲ, ಅವರನ್ನ ಕೇಳ್ರಿ. ಅವರಿಗೆ ನೆಪ್ಪಿದ್ದದ್ದೂ ತಾರೀಖೇ. ಕೇಳಿ ಚಿತ್ರ ಬರೀರಿ, ಯಾರನ್ನೂ ಬಿಡಬ್ಯಾಡ್ರಿ’ ಅಂತ ದೊಡ್ಡ ಭಾಷಣ ಮಾಡಿದೆ.

ಹುಡುಗರಿಗೆ ಹುಚ್ಚೇ ಹಿಡಿಯಿತು. ಒಬ್ಬನ ಅಜ್ಜಿ ಡೋಗಿ ಬರದಲ್ಲಿ ಹುಣಸೆ ಬೀಜ ಹುರಿದು ತಿಂದದ್ದು ಪಟಕ್ಕೆ ಬಂತು. ಇನ್ನೊಬ್ಬನ ಅಜ್ಜ ಮೊದಲ ರೈಲು ಸಿಳ್ಳು ಹಾಕಿದಾಗ ಎಮ್ಮೆ ಬಿಟ್ಟು ಓಡಿದ್ದು ಬಂತು. ಪ್ಲೇಗಿನಲ್ಲಿ ಊರ ಹೊರಗೆ ಹಾಕಿದ ಗುಡಿಸಲು, ಆಕಾಶದಲ್ಲಿ ಬಾಲಚುಕ್ಕಿ, ಅದನ್ನು ನೋಡಿ ಕಿಟಕಿ ಮುಚ್ಚಿಕೊಂಡ ಯಾರೋ ಒಬ್ಬನ ನಾನಿಮಾ, ಅಂದರೆ ತಾಯಿಯ ತಾಯಿ. ಸದರ್ ಸಾಹೇಬರು ಬಂದು ನೋಡಿ ಖುಷಿಪಟ್ಟು, ತಾಲೀಮಾತ್, ಅಂದರೆ ಶಿಕ್ಷಣ ಖಾತೆಯ ಸಾಹೇಬರು ತನಿಖೆಗೆ ಬಂದಾಗ ಇದನ್ನೇ ಮುಂದೆ ಇಡೋಣ ಅಂದರು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಚಿತ್ರ ಬರೆಯುವವನು ನಮ್ಮ ಕಮಲಾಪುರದವನೇ. ಕಲಬುರ್ಗಿಯ ಜಗತ್ ಓಣಿಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಉಳಿದು ಓದುತ್ತಿದ್ದ. ಸುಗ್ಗಿಯ ರಜೆಗೆ ಊರಿಗೆ ಹೋಗಿ ಬಂದವನು ತನ್ನ ಚಿತ್ರವನ್ನು ನನಗೆ ತೋರಿಸದೆ ಅಂಟಿಸಿದ್ದ. ತನಿಖೆಗೆ ಎರಡು ದಿನ ಇದ್ದಾಗ ನಾನು ಪಟವನ್ನು ಬಾಗಿಲಿನಿಂದ ಓದುತ್ತ ಬಂದೆ. ಹುಡುಗರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕೊನೆಯ ಹತ್ತಿರ ಬಂದು ನೋಡಿದರೆ, ನೀಲಿ ನೀರಿನಲ್ಲಿ ಮುಳುಗಿದ ಮನೆಗಳು, ಮರ ಹಿಡಿದು ಕುಳಿತ ಜನ, ಮೂಲೆಯಲ್ಲಿ ಒಂದು ತೊಟ್ಟಿಲು. ತೊಟ್ಟಿಲಲ್ಲಿ ಒಂದು ಕೂಸು, ಕೂಸಿನ ತಲೆಗೆ ರುಮಾಲು, ಕೈಯಲ್ಲಿ ಛಡಿ. ಕೆಳಗೆ ಬರೆದಿದ್ದ: ‘ಹೈದರಾಬಾದಿನಲ್ಲಿ ಮೂಸಿ ನದಿಗೆ ಮಹಾಪೂರ. ಇದೇ ವಾರ ಕಮಲಾಪುರದಲ್ಲಿ ನಮ್ಮ ಮಾಸ್ತರ ಸಾಹೇಬರು ಹುಟ್ಟಿದರು.’

ನಾನು ತೊಟ್ಟಿಲ ಮೇಲೆ ಬೆರಳಿಟ್ಟೆ.

‘ಇದನ್ನ ಯಾರು ಹೇಳಿದ್ರು ನಿನಗ?’

‘ನಿಮ್ಮವ್ವಾರ್ರಿ’ ಅಂದ ಹುಡುಗ, ಮುಖ ಅರಳಿಸಿ. ‘ದಸರಿ ಘಟ ಹಾಕಿದ ಮೂರನೇ ದಿನ ಹಡದೇನಿ ಅಂದ್ರು. ನಿಮ್ಮ ಮಾವ ಹೈದ್ರಾಬಾದಿಗಿ ಹೋಗಿದ್ರಂತ, ಹೊಳಿ ಬಂದು ಹದಿನೈದು ದಿನ ಅವರ ಸುದ್ದೀನೇ ಇರಲಿಲ್ಲಂತ. ಬಾಣಂತ್ಯಾಗಿ ಕುಂತು ಅತ್ತೇನಿ, ಹ್ಯಾಂಗ ಮರೀಲಿ ಅಂದ್ರು.’

ಅವ್ವ ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ವರ್ಷಗಳ ವಿಷಯದಲ್ಲಿ ಅವಳು ತಪ್ಪುತ್ತಿರಲಿಲ್ಲ. ಕಮಲಾಪುರದಲ್ಲಿ ಹೆಣ್ಣು ಕೊಡುವಾಗ, ತರುವಾಗ ಮಕ್ಕಳ ವಯಸ್ಸು ಕೇಳಲು ಹೆಂಗಸರು ಅವಳ ಹತ್ತಿರವೇ ಬರುತ್ತಿದ್ದರು. ಅವಳು ಬೆರಳ ಗೆಣ್ಣು ಎಣಿಸುತ್ತ, ಪ್ಲೇಗಿಗೆ ಇಷ್ಟು, ಬಾಲಚುಕ್ಕಿಗೆ ಇಷ್ಟು ಅಂತ ಕೂಡಿಸಿ ಕಳೆದು, ತಿಂಗಳ ಸಮೇತ ಹೇಳಿಬಿಡುತ್ತಿದ್ದಳು. ಇಂಥ ಹೆಂಗಸಿನ ಹತ್ತಿರ ನಾನೇ ಹುಡುಗನನ್ನು ಕಳಿಸಿದ ಹಾಗಾಗಿತ್ತು.

ಅವತ್ತಿನ ನನ್ನ ಅವಸ್ಥೆ ಯಾರಿಗೂ ಬೇಡ. ತನಿಖೆಗೆ ಬರುವ ಸಾಹೇಬರ ಕೈಯಲ್ಲಿ ದಫ್ತರ ಇರುತ್ತದೆ, ಗೋಡೆಯ ಮೇಲೆ ತಖ್ತೆ ಇದೆ, ಇಲ್ಲಿ ನೋಡಿದರೆ ಅದರಲ್ಲಿ ಬರೆದದ್ದಕ್ಕಿಂತ ಮೂರು ವರ್ಷ ಈಚೆಗೆ ತೊಟ್ಟಿಲಲ್ಲಿ ನಾನು. ಲೆಕ್ಕ ಬಾರದವರಿಗೂ ತಿಳಿಯಲಿ ಅಂತ ವರ್ಷಕ್ಕೊಂದು ಗೆರೆ ಎಳೆಯಲು ಕಲಿಸಿದವನೂ ನಾನೇ. ನನ್ನ ನೌಕರಿ ಹೋಗುತ್ತದೆ, ಸಹಿ ಹಾಕಿದ ಮಾವನ ನೌಕರಿಯೂ ಹೋಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ಬಿಡುವಿನ ಹೊತ್ತಿನಲ್ಲಿ ಹುಡುಗರು ಹೊರಗೆ ಹೋದಾಗ ಮಸಿ ದೌತಿ ಹಿಡಿದು ಪಟದ ಹತ್ತಿರ ಹೋದೆ. ಕೈ ತಪ್ಪಿ ಚೆಲ್ಲಿತು ಅಂದರಾಯಿತು ಅಂತ ನನ್ನ ಯೋಚನೆ. ಬಿರಡೆ ತೆಗೆಯುವ ಅವಸರದಲ್ಲಿ ಮಸಿ ಚೆಲ್ಲಿದ್ದು ನನ್ನ ಧೋತರದ ಮೇಲೆ. ಅಷ್ಟರಲ್ಲಿ ಅದೇ ಹುಡುಗ ಓಡಿ ಬಂದು, ‘ಇಕಡಿ ಕೊಡ್ರಿ ಮಾಸ್ತರ, ಪಟಕ್ಕ ಸಿಡದೀತು’ ಅಂತ ದೌತಿ ಇಸಿದುಕೊಂಡ.

ಮಧ್ಯಾಹ್ನ ತರಗತಿ ಕೂಡಿದ ಮೇಲೆ ನಾನು ಗಟ್ಟಿ ದನಿ ಮಾಡಿ, ‘ಆ ತೊಟ್ಟಿಲ ತಪ್ಪು ಅದ. ತಗಿ ಅದನ್ನ’ ಅಂದೆ.

‘ನಿಮ್ಮವ್ವಾರೇ ಹೇಳ್ಯಾರ್ರಿ.’

‘ನಮ್ಮವ್ವಗ ನೆಪ್ಪಿರಂಗಿಲ್ಲ. ಏನರೆ ಒಂದು ಹೇಳ್ತಾಳ. ಮುದುಕ್ಯಾರು ಹೇಳಿದ್ದೆಲ್ಲ ತಾರೀಖ್ ಆಗ್ತದೇನು?’

ಅವ್ವನಿಗೆ ಆಗ ನಲವತ್ತು ಕೂಡ ತುಂಬಿರಲಿಲ್ಲ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಅಂತ ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆ. ಹುಡುಗ ಸುಮ್ಮನಾಗಲಿಲ್ಲ. ನನ್ನನ್ನು ಎದುರಿಸಬೇಕು ಅಂತ ಅಲ್ಲ, ನಿಜವಾಗಿಯೂ ಅವನಿಗೆ ತಿಳಿದುಕೊಳ್ಳಬೇಕಾಗಿತ್ತು. ಡೋಗಿ ಬರದ ಚಿತ್ರ ತೋರಿಸಿ, ‘ಹಂಗಾದ್ರ ಇವನ ಅಜ್ಜಿ ಹೇಳಿದ್ದೂ ತಪ್ಪೇನ್ರಿ?’ ಅಂದ. ಆ ಅಜ್ಜಿಯ ಮೊಮ್ಮಗ ನನ್ನ ಮುಖವನ್ನೇ ನೋಡಿದ. ಎಲ್ಲರೂ ನೋಡಿದರು. ‘ಇಲ್ಲಪ್ಪ, ಅದು ಖರೆ, ಇದೊಂದೇ ತಪ್ಪು’ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳುವಂತಿಲ್ಲ. ‘ಪುಸ್ತಕದಾಗ ಇದ್ದದ್ದಷ್ಟ ಇರ್ಲಿ’ ಅಂದುಬಿಟ್ಟೆ.

ಮರುದಿನ ಹುಡುಗರು ಕತ್ತರಿ ತಂದರು. ರೈಲಿನ ಈಚೆಗೆ ಇದ್ದದ್ದನ್ನೆಲ್ಲ ಕತ್ತರಿಸಿ ತೆಗೆದರು. ನಾನು ಗದರಿಸಿ, ಹೊಡೆದು ಮಾಡಿಸಿದ್ದರೂ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಮಾಸ್ತರ ಹೇಳಿದ ಮೇಲೆ ಮುಗಿಯಿತು ಅನ್ನುವ ಹಾಗೆ, ಅಚ್ಚುಕಟ್ಟಾಗಿ ಕತ್ತರಿಸಿದರು. ಹುಣಸೆ ಬೀಜದ ಅಜ್ಜಿಯನ್ನು ಮೊಮ್ಮಗ ಮಡಚಿ ಚೀಲದಲ್ಲಿ ಇಟ್ಟುಕೊಂಡ. ಕಮಲಾಪುರದ ಹುಡುಗ ತನ್ನದನ್ನು ಯಾರಿಗೂ ಕಾಣದಂತೆ ಸುತ್ತಿ ಒಯ್ದ. ಉಳಿದ ಪಟ ಕಿಟಕಿಯ ತನಕ ಮಾತ್ರ ಬಂತು, ಅದರಾಚೆ ಬರಿ ಗೋಡೆ.

ಸಾಹೇಬರು ಬಂದರು. ಎರಡು ಪ್ರಶ್ನೆ ಕೇಳಿದರು, ಹುಡುಗರು ಪಟಪಟನೆ ಹೇಳಿದರು. ಪಟ ನೋಡಿ ‘ಬಹುತ್ ಖೂಬ್, ಬಹುತ್ ಸಾಫ್ ಕಾಮ್’ ಅಂದರು. ತಖ್ತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವರ ಟಾಂಗಾ ಹೊರಟ ಮೇಲೆ ಸದರ್ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಮಕ್ಕಳು ಮನೆಯಿಂದ ತಂದ ಚಿತ್ರಗಳು ಎಲ್ಲಿ ಅಂತ ಕೇಳಿದರು. ತಪ್ಪುಗಳಿದ್ದವು, ತೆಗೆಸಿದೆ ಅಂದೆ. ‘ಅಚ್ಛಾ’ ಅಂದರು, ಅಷ್ಟೇ. ನೌಕರಿ ಉಳಿಯಿತು. ಆದರೂ ಎದೆಯ ಭಾರ ಇಳಿಯಲಿಲ್ಲ. ಅವ್ವನಿಗೆ ಈ ಸುದ್ದಿ ಹೋಗಿದ್ದರೆ ಏನು ಗತಿ ಅನ್ನುವ ಹೊಸ ಭಯ ಹತ್ತಿಕೊಂಡಿತು.

ಎರಡು ವಾರ ಕಳೆದು ಒಂದು ಶುಕ್ರವಾರ, ನಮಗೆ ಅವತ್ತೇ ರಜೆ, ಮೋಟಾರು ಹಿಡಿದು ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಬಂದಳು. ಮಗಳನ್ನು ನೋಡಲು ಬರುವವರಿದ್ದರಂತೆ. ‘ಯಕ್ಕಾ, ನಮ್ಮ ಹುಡುಗಿಗಿ ಈಗ ಎಷ್ಟಾದವು, ಸ್ವಲ್ಪ ಎಣಿಸಿ ಹೇಳು’ ಅಂದಳು.

‘ನನ್ನ ಕೇಳಬ್ಯಾಡವಾ’ ಅಂದಳು ಅವ್ವ. ‘ನನಗೀಗ ನೆಪ್ಪಿರಂಗಿಲ್ಲ. ಮಾಸ್ತರ ಬಂದಾನ ನೋಡು, ಅವನ್ನ ಕೇಳು.’

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಪಕ್ಕದ ಮನೆಯಾಕೆ ನಮ್ಮಿಬ್ಬರ ಮುಖ ನೋಡಿ, ಏನೂ ತಿಳಿಯದೆ ಹೊರಟುಹೋದಳು. ಅವ್ವ ಜೋಳ ಕೇರುತ್ತಲೇ ಹೇಳಿದಳು. ‘ಆ ಹುಡುಗ ಬಂದು ಹೇಳಿದ. ನಾನೂ ಭಾಳ ಎಣಿಸಿ ನೋಡಿದ್ನೆಪ್ಪಾ. ಘಟ ಹಾಕಿದ್ದು ನೆಪ್ಪದ, ನಿಮ್ಮ ಮಾವ ಬರಲಿಲ್ಲಂತ ಅತ್ತದ್ದು ನೆಪ್ಪದ. ಆದ್ರ ನೀ ಓದಿದಾಂವ. ನೀ ತಪ್ಪಂದ್ರ ತಪ್ಪೇ ಇರಬೇಕು.’

ಆಗ ಎಲ್ಲ ಹೇಳಿದೆ. ಮಾವನ ಸಹಿ, ಮೂರು ವರ್ಷ, ತಖ್ತೆ, ತನಿಖೆ, ನಾನು ತರಗತಿಯಲ್ಲಿ ಆಡಿದ ಮಾತು, ಒಂದೂ ಬಿಡದೆ. ಹೇಳುತ್ತ ಹೇಳುತ್ತ ಅಳು ಬಂತು. ಅವ್ವನ ಕೈ ನಿಂತಿತು. ಮೊರವನ್ನು ನೆಲಕ್ಕೆ ಇಟ್ಟಳು.

‘ಇಷ್ಟ ಆಗಿತ್ತಂದ್ರ ನನಗೊಂದು ಮಾತ ಹೇಳಿದ್ರ ಏನಾಗ್ತಿತ್ತೋ?’ ಅಂದಳು. ‘ನನ್ನ ಮಗನ್ನ ಆ ಹೊಳಿಗಿಂತ ಮೂರು ವರ್ಷ ಮೊದಲ, ಪ್ಲೇಗಿನಾಗ ಹಡದೇನಿ ಅಂತ ನಾನೇ ಹೇಳ್ತಿದ್ದೆ. ಆ ಹುಡುಗನ ಮುಂದ ಹೇಳ್ತಿದ್ದೆ, ಸಾಹೇಬನ ಮುಂದೂ ಹೇಳ್ತಿದ್ದೆ. ಆ ಸುಳ್ಳ ನನಗ ಹೇಳಾಕ ಬಿಡಬೇಕಿತ್ತು. ನನ್ನ ಯಾಕ ಮರಗುಳಿ ಮಾಡಿದಿ?’

ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಅದಾದ ಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದಳು. ಯಾರು ಬಂದು ಎಷ್ಟು ಕೇಳಿಕೊಂಡರೂ ಕಮಲಾಪುರದ ಒಂದು ಕೂಸಿನ ವಯಸ್ಸನ್ನೂ ಅವಳು ಮತ್ತೆ ಎಣಿಸಿ ಹೇಳಲಿಲ್ಲ.